ನಾಲ್ವರೂ ಫೋಟೊದಲ್ಲಿರಬೇಕು

ಕಲ್ಲನ್ನು ಸುಘೋಷ ಮೊದಲ ನೋಟಕ್ಕೇ ಗುರುತಿಸಿದ. ಗುರುತಿಸದೆ ಇರಲು ಸಾಧ್ಯವೇ ಇರಲಿಲ್ಲ. ಚಿಕ್ಕವನಿದ್ದಾಗ ಅದೇ ಕಲ್ಲಿಗೆ ಬಡಿದುಕೊಂಡು ಅವನ ಹಾಲುಹಲ್ಲೊಂದು ಅವಧಿಗೆ ಮೊದಲೇ ಉದುರಿತ್ತು.

ಭಾನುವಾರವಾದ್ದರಿಂದ ಗೋಪಿ ವೃತ್ತದ ಹತ್ತಿರದ ಬಟ್ಟೆ ಅಂಗಡಿಯೊಂದರ ಶಟರ್ ಎಳೆದಿತ್ತು. ಅದರ ಮುಂದಿನ ಮೆಟ್ಟಿಲ ಮೇಲೆ ನಾಲ್ವರೂ ತಲೆಗೆ ತಲೆ ತಾಗಿಸಿ ಕೂತು ಸ್ಪರ್ಧೆಯ ಮೂರನೇ ಲಕೋಟೆ ಒಡೆದಿದ್ದರು. ಒಳಗೆ ಒಂದು ಹಾಳೆ. ಹಾಳೆಯಲ್ಲಿ ನಾಲ್ಕು ಬಣ್ಣದ ಚಿತ್ರ, ನಾಲ್ಕೂ ಒಂದೇ ಕಲ್ಲಿನವು. ಸೊಂಟದೆತ್ತರದ ಗಿಡ್ಡ ಕಂಬ, ಅದರ ಮೇಲೆ ರೊಟ್ಟಿಯಂತೆ ದುಂಡಗಿನ ಹಾಸು, ಹಾಸಿನ ನಡುವೆ ಎದ್ದು ನಿಂತ ತ್ರಿಕೋನದ ಕಬ್ಬಿಣದ ತಗಡು. ಅಂಚಿಗೆ ಕನ್ನಡ ಅಂಕಿಗಳನ್ನು ಕೊರೆದಿದ್ದರು. ಒಂದು ಕಡೆ ಅಂಚು ಮುಕ್ಕಾಗಿತ್ತು. ತಗಡಿನ ನೆರಳು ಮಾತ್ರ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬಿದ್ದಿತ್ತು. ಕೆಳಗೆ ಬರೆದಿತ್ತು: 'ನಾನೆಲ್ಲಿದ್ದೇನೆ, ಹುಡುಕಿ. ನಾಲ್ವರೂ ನನ್ನ ಸುತ್ತ ನಿಂತು ಫೋಟೊ ತೆಗೆಯಿರಿ. ನಾಲ್ವರೂ ಕಾಣದ ಫೋಟೊ ಲೆಕ್ಕಕ್ಕಿಲ್ಲ. ಚಪ್ಪಲಿ ಹೊರಗೆ ಬಿಡಿ.'

"ಎಂತದಿದು, ಒಳಕಲ್ಲಾ?" ಅಂದ ಜಯಕುಮಾರ್.

"ನಿನ್ ತಲೆ. ಒಳಕಲ್ಲಿಗೆ ಯಾರು ಮಾರಾಯ ನಂಬರ್ ಹಾಕ್ತಾರೆ?" ಅಂದಳು ಸುಪ್ರಿಯಾ.

"ನಮ್ ಪಾಟಿ ಹಾಕ್ತಾರೆ. ಪಕ್ಕದ್ಮನೆಯೋರು ಎತ್ಕೊಂಡ್ ಹೋಗ್ಬಾರ್ದು ಅಂತ." ಜಯಕುಮಾರನ ಮನೆಮಾತು ತಮಿಳು, ಅವನಿಗೆ ಅಜ್ಜಿ ಅಂದರೆ ಪಾಟಿ, ಮತ್ತು ಪ್ರಪಂಚದ ಯಾವ ಪ್ರಶ್ನೆಗೂ ಅವನ ಪಾಟಿಯ ಹತ್ತಿರ ಒಂದು ಉತ್ತರ ಇರುತ್ತಿತ್ತು.

ಅಕ್ಷಯಾ ನಗಲಿಲ್ಲ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, "ಬಿಸಿಲು ಗಡಿಯಾರ. ನೆರಳು ಎಲ್ಲಿ ಬೀಳುತ್ತೋ ಅದೇ ಟೈಮು" ಅಂದಳು. "ಒಂಬತ್ತು, ಹನ್ನೊಂದು, ಎರಡು, ನಾಲ್ಕು. ಎರಡು ಫೋಟೊಗೆ ಕೆಂಪು ಬಾರ್ಡರ್, ಎರಡಕ್ಕೆ ನೀಲಿ. ಹೋದ ಲಕೋಟೇಲಿ ಊರಿನ ಮ್ಯಾಪ್ ಕೊಟ್ಟಿದ್ರಲ್ಲ, ಅದರ ಸುತ್ತ ಗಡಿಯಾರದ ಥರ ನಂಬರ್ ಇತ್ತು. ತೆಗಿಯೋ ಸುಘೋಷ."

ಸುಘೋಷ ಬ್ಯಾಗಿನಿಂದ ನಕ್ಷೆ ತೆಗೆದ.

"ಕೆಂಪಿಂದು ಒಂಬತ್ತರಿಂದ ಎರಡಕ್ಕೆ ಒಂದು ಗೆರೆ. ನೀಲಿದು ಹನ್ನೊಂದರಿಂದ ನಾಲ್ಕಕ್ಕೆ ಇನ್ನೊಂದು. ಎರಡೂ ಎಲ್ಲಿ ಕೂಡುತ್ತೋ ಅಲ್ಲಿ ಕಲ್ಲು," ಅಂದಳು ಅಕ್ಷಯಾ. ಉಳಿದ ಮೂವರು ಓದಿ ಮುಗಿಸುವಷ್ಟರಲ್ಲಿ ಅವಳು ಬಿಡಿಸಿ ಮುಗಿಸುತ್ತಿದ್ದಳು. ತಮ್ಮೂರು ಭದ್ರಾವತಿಯಲ್ಲಿ ನಡೆದ ಮೊದಲ ಸುತ್ತಿನಲ್ಲೂ ಹೀಗೇ ಆಗಿತ್ತು. ತಂಡಕ್ಕೆ ನಾಲ್ವರು ಇರಬೇಕೆಂಬ ನಿಯಮವಿಲ್ಲದಿದ್ದರೆ ಅವಳೊಬ್ಬಳನ್ನೇ ಬಸ್ಸು ಹತ್ತಿಸುತ್ತಿದ್ದೆ ಎಂದು ಪರಮೇಶ್ ಸರ್ ಸ್ಟಾಫ್ ರೂಮಿನಲ್ಲಿ ಹೇಳಿದ್ದು ಇಡೀ ಹತ್ತನೇ ಕ್ಲಾಸಿಗೆ ಗೊತ್ತಿತ್ತು.

ಗೆದ್ದು ಮೊದಲೆರಡು ಸ್ಥಾನಕ್ಕೆ ಬಂದ ತಂಡಗಳಿಗೆ, ಒಗಟು ಬಿಡಿಸಿ ಜಾಗ ಹುಡುಕುವ ಈ ಟ್ರೆಷರ್ ಹಂಟು ನಡೆಸುತ್ತಿದ್ದ ಶಿವಮೊಗ್ಗದ ಕಾಲೇಜು ಪಿಯುಸಿ ಸೈನ್ಸ್ ಸೀಟನ್ನೂ ಹಾಸ್ಟೆಲನ್ನೂ ಉಚಿತವಾಗಿ ಕೊಡುತ್ತಿತ್ತು. ಧರ್ಮಕ್ಕಲ್ಲ. ಚುರುಕಿನ ಮಕ್ಕಳನ್ನು ಮೊದಲೇ ಹಿಡಿದು ಹಾಕಿಕೊಂಡರೆ ಮುಂದೆ ಅವರ ಮುಖಗಳನ್ನು ಫ್ಲೆಕ್ಸಿನಲ್ಲಿ ಹಾಕಿಕೊಳ್ಳಬಹುದು. ಜಯಕುಮಾರನ ಮನೆಯಲ್ಲಿ ಅವನಿಗೆ ಐಟಿಐ ಎಂದು ನಿಶ್ಚಯವಾಗಿತ್ತು. ಸುಪ್ರಿಯಾ ಕಾಮರ್ಸ್ ಅನ್ನುತ್ತಿದ್ದಳು. ಸುಘೋಷನ ಅಪ್ಪ ಭದ್ರಾವತಿಯಲ್ಲಿ ಬ್ಯಾಂಕ್ ಮ್ಯಾನೇಜರ್. ಗೆದ್ದರೂ ಸೋತರೂ ಅವನಿಗೆ ಸೈನ್ಸ್ ಸೀಟು ಇದ್ದೇ ಇತ್ತು. ಇಲ್ಲದ್ದು ಅಕ್ಷಯಾಳಿಗೆ. ಅವಳ ಅಪ್ಪ ನಾಗೇಶ್ ಕಂಟ್ರಾಕ್ಟ್ ಕೆಲಸಗಾರ. "ಸೈನ್ಸು ಅಂದ್ರೆ ಟ್ಯೂಷನ್ ಇಲ್ದೆ ಆಗಲ್ಲ, ಆರ್ಟ್ಸ್ ತಗೊಂಡು ಇಲ್ಲೇ ಓದು" ಎಂದು ಅವನು ಆಗಲೇ ಹೇಳಿಬಿಟ್ಟಿದ್ದ. ಇದರಲ್ಲಿ ಗೆದ್ದರೆ ಸೈನ್ಸಿಗೆ ಬಿಡಬೇಕು ಎಂದು ಅವಳು ಹಟ ಹಿಡಿದು ಮಾತು ತೆಗೆದುಕೊಂಡಿದ್ದಳು. ಇದು ನಾಲ್ವರಿಗೂ ಗೊತ್ತಿತ್ತು. ಸುಘೋಷನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವಳು ಮೊದಲು ಹೇಳಿದ್ದು ಅವನಿಗೇ.

ಆ ಕಲ್ಲು ಇದ್ದದ್ದು ದುರ್ಗಿಗುಡಿಯಲ್ಲಿ, ಅವನ ಅಜ್ಜ ಗೋವಿಂದ ಭಟ್ಟರ ಮನೆಯ ಒಳ ಅಂಗಳದಲ್ಲಿ.

ಅಜ್ಜ ಪಂಚಾಂಗ ಗಣಿತ ಬಲ್ಲವರು. ಕಲ್ಲು ಅವರ ಅಪ್ಪನ ಕಾಲದ್ದು. ಬೀದಿಯಿಂದ ಜಗಲಿ, ಜಗಲಿಯಿಂದ ಪಡಸಾಲೆ, ಪಡಸಾಲೆ ದಾಟಿದರೆ ಅಂಗಳ. ಅಂಗಳದ ಒಂದು ಕಡೆ ಅಡಿಗೆಮನೆ, ಇನ್ನೊಂದು ಕಡೆ ದೇವರ ಕೋಣೆ. ಜಗಲಿಯವರೆಗೆ ಯಾರು ಬೇಕಾದರೂ ಬರಬಹುದು. ಪಡಸಾಲೆಗೆ ಪರಿಚಯದವರು. ಅಂಗಳಕ್ಕೆ ಯಾರು ಎಂದು ಯಾರೂ ಎಲ್ಲೂ ಬರೆದು ಹಾಕಿರಲಿಲ್ಲ. ಬರೆದು ಹಾಕುವ ಅಗತ್ಯವೇ ಬಿದ್ದಿರಲಿಲ್ಲ.

ಎರಡು ವರ್ಷದ ಹಿಂದೆ ಸುಘೋಷನ ಉಪನಯನ ಅದೇ ಮನೆಯಲ್ಲಿ ಆಗಿತ್ತು. ಅಪ್ಪ ದೊಡ್ಡ ಮನಸ್ಸಿನಿಂದ ಇಡೀ ಕ್ಲಾಸನ್ನು ಕರೆದಿದ್ದರು. ಸ್ಕೂಲಿನ ಮಕ್ಕಳಿಗೆ ಬೀದಿಯಲ್ಲಿ ಹಾಕಿದ್ದ ಶಾಮಿಯಾನದಲ್ಲಿ ಊಟ. ಅಕ್ಷಯಾ ಉಡುಗೊರೆಗೆಂದು ಒಂದು ಪೆನ್ನು ತಂದಿದ್ದಳು. ಅದನ್ನು ಅವನ ಕೈಗೇ ಕೊಡಬೇಕೆಂದು ಜಗಲಿ ಹತ್ತಿ ಹೊಸ್ತಿಲವರೆಗೆ ಬಂದಿದ್ದಳು. ಅಲ್ಲಿ ಅಜ್ಜಿ ವೇದಾವತಮ್ಮ ನಿಂತಿದ್ದರು. "ಯಾರ ಮಗಳು ಪುಟ್ಟಿ ನೀನು?" ಅಂದರು. ಅವಳು ಹೇಳಿದಳು. ಅಪ್ಪನ ಹೆಸರು, ಮನೆ ಇರುವ ಕೇರಿ, ಅಜ್ಜಿ ದುರ್ಗಮ್ಮ ನಗರಸಭೆಯಲ್ಲಿ ಬೀದಿ ಗುಡಿಸುತ್ತಿದ್ದವಳು ಅನ್ನುವುದನ್ನೂ ಹೇಳಿದಳು. ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ ಕೊಡುವುದು ಅವಳ ಅಭ್ಯಾಸ. "ಹೌದಾ, ಒಳ್ಳೇದಾಯ್ತು. ಅಲ್ಲೇ ಕೂತ್ಕೋ ಪುಟ್ಟಿ, ಅಲ್ಲಿಗೇ ತಂದು ಬಡಿಸ್ತಾರೆ" ಅಂದರು ಅಜ್ಜಿ. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ, ದನಿಯಲ್ಲಿ ಸಕ್ಕರೆಯಿತ್ತು. ಪಡಸಾಲೆಯ ಕತ್ತಲಲ್ಲಿ ಬೋಳುತಲೆಯಲ್ಲಿ ನಿಂತಿದ್ದ ಸುಘೋಷ ಎಲ್ಲವನ್ನೂ ನೋಡಿದ. ನೋಡಿ ಹೊಸ ಜನಿವಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ. ಬೆಳಗ್ಗೆ ಒಮ್ಮೆ ತೊಳೆದಿದ್ದ ಹೊಸ್ತಿಲನ್ನು ಅಜ್ಜಿ ಮಧ್ಯಾಹ್ನ ಮತ್ತೆ ತೊಳೆದರು.

ಸೋಮವಾರ ಕ್ಲಾಸಿನಲ್ಲಿ ಅಕ್ಷಯಾ ಪೆನ್ನು ಕೊಟ್ಟು, "ಪಾಯಸ ಚೆನ್ನಾಗಿತ್ತು ಕಣೋ" ಅಂದಿದ್ದಳು. ಅಷ್ಟೇ.

ಈಗ ನಾಲ್ವರೂ ಆ ಕಲ್ಲಿನ ಸುತ್ತ ನಿಲ್ಲಬೇಕು.

"ಸುಘೋಷ, ಗೆರೆ ಎಳಿ. ನಿನ್ ಕೈ ನೇರ," ಅಂದಳು ಅಕ್ಷಯಾ.

ಜಾಮಿಟ್ರಿ ಬಾಕ್ಸು ಅವನದು. ಕೆಂಪು ಗೆರೆಯನ್ನು ಸರಿಯಾಗಿ ಎಳೆದ. ನೀಲಿ ಗೆರೆಗೆ ಸ್ಕೇಲು ಇಟ್ಟಾಗ ಅಂಗೈ ಹನ್ನೊಂದರ ಮೇಲೆ ಬಂತು. ಬಂದದ್ದೋ, ಅವನೇ ತಂದದ್ದೋ, ಆ ಕ್ಷಣಕ್ಕೆ ಅವನಿಗೂ ಖಾತ್ರಿ ಇರಲಿಲ್ಲ. ಅಂಗೈ ಕೆಳಗೆ ಸ್ಕೇಲು ಹನ್ನೆರಡರ ಕಡೆ ಜರುಗಿತು. ಜರುಗಿದ್ದು ಗೊತ್ತಾದ ಮೇಲೂ ಅವನು ಪೆನ್ಸಿಲ್ ನಿಲ್ಲಿಸಲಿಲ್ಲ.

ಗೆರೆಗಳು ಹೊಳೆ ಕಡೆ, ಶಿವಪ್ಪ ನಾಯಕನ ಅರಮನೆಯ ಹತ್ತಿರ ಕೂಡಿದವು.

"ಅರಮನೆ ಮ್ಯೂಸಿಯಂ!" ಸುಪ್ರಿಯಾ ಎದ್ದು ನಿಂತಳು. "ಅಲ್ಲಿ ಹೊರಗಡೆ ಕಲ್ಲುಗಳನ್ನ ಸಾಲಾಗಿ ನಿಲ್ಸಿದಾರೆ, ಟೂರಲ್ಲಿ ನೋಡಿದ್ವಲ್ಲ!"

"ಹೂಂ, ಅಲ್ಲೇ ಇರುತ್ತೆ," ಅಂದ ಸುಘೋಷ.

ಆಟೊ ಹತ್ತುವಂತಿರಲಿಲ್ಲ, ಅದು ನಿಯಮ. ಫೋನು ಒಂದೇ, ಅದೂ ಕ್ಯಾಮೆರಾಕ್ಕೆ ಮಾತ್ರ. ಗಾಂಧಿ ಬಜಾರಿನ ಒಳಗೆ ನುಗ್ಗಿ ಓಡುನಡಿಗೆಯಲ್ಲಿ ಹೊರಟರು. ಬಿಸಿಲು ನೆತ್ತಿಗೆ ಬಂದಿತ್ತು. ಬಜಾರಿನ ಮಧ್ಯೆ ಬಿಳಿ ಟೀ ಶರ್ಟಿನ ಒಂದು ತಂಡ ಎದುರಾಯಿತು, ಶಿವಮೊಗ್ಗದ ಯಾವುದೋ ಇಂಗ್ಲಿಷ್ ಸ್ಕೂಲಿನವರು. ಅವರು ಇವರು ಬಂದ ದಿಕ್ಕಿಗೇ ಹೋಗುತ್ತಿದ್ದರು.

"ಪಾಪ, ಉಲ್ಟಾ ಹೋಗ್ತಿದಾರೆ," ಅಂದ ಜಯಕುಮಾರ್.

ಅಕ್ಷಯಾ ಒಮ್ಮೆ ತಿರುಗಿ ನೋಡಿದಳು.

ಅರಮನೆಯ ಅಂಗಳದಲ್ಲಿ ಕಲ್ಲುಗಳಿಗೇನೂ ಬರವಿರಲಿಲ್ಲ. ವೀರಗಲ್ಲು, ಶಾಸನ, ಮೂಗು ಮುರಿದ ವಿಗ್ರಹಗಳು. ಸುಪ್ರಿಯಾ ಒಂದು ಸಾಲು, ಜಯಕುಮಾರ್ ಒಂದು ಸಾಲು ಹಂಚಿಕೊಂಡು ಹುಡುಕಿದರು. ಮೇಲೆ ಸೋಗಾನೆ ಏರ್‌ಪೋರ್ಟ್ ಕಡೆಯಿಂದ ಎದ್ದ ವಿಮಾನವೊಂದು ತಗ್ಗಿನಲ್ಲೇ ಹೋಯಿತು. "ಅಣ್ಣಾ, ಮೇಲಿಂದ ಕಾಣ್ಸಿದ್ರೆ ಹೇಳಣ್ಣಾ!" ಎಂದು ಜಯಕುಮಾರ್ ಅದಕ್ಕೆ ಕೈಬೀಸಿದ. ಸುಘೋಷನೂ ಹುಡುಕಿದ. ಇಲ್ಲದ್ದನ್ನು ಹುಡುಕುವವನು ಇರುವುದನ್ನು ಹುಡುಕುವವನಿಗಿಂತ ಹೆಚ್ಚು ಬಗ್ಗಬೇಕಾಗುತ್ತದೆ. ಅವನು ಹುಲ್ಲು ಸರಿಸಿ ಸರಿಸಿ ನೋಡಿದ.

ಲೆಕ್ಕ ಅವನ ತಲೆಯಲ್ಲಿ ಸರಳವಾಗಿತ್ತು. ಸಮಯ ಮೀರಲಿ. ಬೇರೆಯವರು ಗೆಲ್ಲಲಿ. ಸೋತದ್ದಕ್ಕೆ ಎಲ್ಲರೂ ಸ್ವಲ್ಪ ಹೊತ್ತು ಬೇಜಾರು ಮಾಡಿಕೊಳ್ಳುತ್ತಾರೆ. ಅವಳು ಹೊಸ್ತಿಲಲ್ಲಿ ನಿಂತಿದ್ದು, ಅಜ್ಜಿ ಮತ್ತೆ ಸಕ್ಕರೆಯ ದನಿಯಲ್ಲಿ ಮಾತಾಡಿದ್ದು ಮಾತ್ರ ಆಗುವುದಿಲ್ಲ. ಸೀಟಿನ ನೆನಪು ಬಂದಾಗಲೆಲ್ಲ ಅವನು ಇನ್ನೊಂದು ಕಲ್ಲಿನ ಹಿಂದೆ ಹೋಗಿ ಬಗ್ಗಿದ.

"ಇಲ್ಲಿಲ್ಲ," ಅಂದಳು ಅಕ್ಷಯಾ. ಹುಡುಕುವುದನ್ನು ಅವಳು ಆಗಲೇ ನಿಲ್ಲಿಸಿದ್ದಳು. "ಚಪ್ಪಲಿ ಹೊರಗೆ ಬಿಡಿ ಅಂತ ಬರೆದಿದಾರೆ. ಇಲ್ಲಿ ಎಲ್ಲರೂ ಚಪ್ಪಲಿ ಹಾಕ್ಕೊಂಡೇ ಓಡಾಡ್ತಿದಾರೆ. ಸ್ಕೇಲ್ ಕೊಡು."

"ನಾನ್ ಎಳೆದಿದೀನಲ್ಲ."

"ಇನ್ನೊಂದ್ಸಲ ನೋಡ್ತೀನಿ, ಕೊಡೋ."

ಕೊಟ್ಟ. ಅವಳು ನೆಲದ ಮೇಲೆ ನಕ್ಷೆ ಹಾಸಿ, ಹನ್ನೊಂದರ ಮೇಲೆ ಉಗುರಿಟ್ಟು, ಹೊಸ ಗೆರೆ ಎಳೆದಳು.

"ಅಯ್ಯೋ, ತಪ್ಪು ಎಳೆದಿದೀಯಲ್ಲೋ. ಹನ್ನೊಂದು ಬಿಟ್ಟು ಎಲ್ಲೋ ಹೋಗಿದೆ."

"ಹೌದಾ? ಸ್ಕೇಲ್ ಜಾರಿರ್ಬೇಕು," ಅಂದ ಸುಘೋಷ.

"ಭಟ್ರೇ, ಬೆಳಗ್ಗೆ ತಿಂಡಿ ತಿಂದಿದ್ರೋ ಇಲ್ವೋ?" ಅಂದ ಜಯಕುಮಾರ್.

ಅಕ್ಷಯಾ ಬೈಯಲಿಲ್ಲ. "ಆಯ್ತು ಬಿಡು, ಆಗುತ್ತೆ" ಅಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಅವನು. ಅವಳ ಬೆರಳು ಹೊಸ ಗೆರೆಗಳು ಕೂಡಿದ ಜಾಗದ ಮೇಲಿತ್ತು. "ದುರ್ಗಿಗುಡಿ. ನಿಮ್ಮಜ್ಜನ ಮನೆ ಅಲ್ಲೇ ಅಲ್ವಾ? ಅಜ್ಜನ್ನ ಕೇಳಿದ್ರಾಯ್ತು, ಪಂಚಾಂಗ ಮಾಡೋರು, ಇಂಥ ಕಲ್ಲು ಎಲ್ಲಿದೆ ಅಂತ ಗೊತ್ತಿರುತ್ತೆ."

"ಅಜ್ಜ ಊರಲ್ಲಿಲ್ಲ."

"ಅಜ್ಜಿ?"

"ಇಬ್ರೂ ಇಲ್ಲ. ಶೃಂಗೇರಿಗೆ ಹೋಗಿದಾರೆ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಬಂದ ದಾರಿಯನ್ನೇ ಹಿಡಿದು ಓಡಿದರು. ಸುಪ್ರಿಯಾಳ ಚಪ್ಪಲಿಯ ಉಂಗುಷ್ಟ ಕಿತ್ತು, ಅವಳು ಅದನ್ನು ಕೈಯಲ್ಲಿ ಹಿಡಿದೇ ಓಡಿದಳು. "ಹೆಂಗೂ ಹೊರಗೆ ಬಿಡ್ಬೇಕಲ್ಲ" ಅಂದಳು. ದುರ್ಗಿಗುಡಿಗೆ ಬಂದ ಮೇಲೆ ಸುಘೋಷ ಬೇಕೆಂದೇ ಹಿಂದೆ ಉಳಿದ. ಅಡ್ಡರಸ್ತೆಗಳು ಸಾಕಷ್ಟಿದ್ದವು, ಇವರು ಬೇರೆ ಯಾವುದಾದರೂ ಹಿಡಿಯಬಹುದಿತ್ತು. ಆದರೆ ಒಂದು ಅಡ್ಡರಸ್ತೆಯಿಂದ ಹಳದಿ ಟೀ ಶರ್ಟಿನ ತಂಡವೊಂದು ಕೇಕೆ ಹಾಕುತ್ತ ಹೊರಬಿತ್ತು. ಕೈಯಲ್ಲಿ ನಾಲ್ಕನೇ ಲಕೋಟೆ. ಅವರು ಬಂದ ದಾರಿ ನೋಡಿಕೊಂಡು ಅಕ್ಷಯಾ ಒಳಗೆ ತಿರುಗಿದಳು.

ಗೋವಿಂದ ಭಟ್ಟರು ಗೇಟಿನ ಹತ್ತಿರವೇ ನಿಂತಿದ್ದರು. ಪಂಚೆ, ಮೇಲೊಂದು ಶಲ್ಯ, ಮುಖದ ತುಂಬ ನಗು. ಮದುವೆ ಮನೆಯ ಯಜಮಾನನ ಹುರುಪಿನಲ್ಲಿದ್ದರು.

"ಸುಘೋಷಾ! ಏನೋ ಇಷ್ಟು ತಡ? ಬೆಳಗ್ಗೆಯಿಂದ ಕಾಯ್ತಿದೀನಿ. ಎಲ್ಲರಿಗಿಂತ ಮೊದಲು ನಿಮ್ಮ ಟೀಮೇ ಬರುತ್ತೆ, ಇವನಿಗೆ ಫೋಟೊ ತೋರಿಸಿದ್ರೆ ಸಾಕು ಅಂತ ನಿಮ್ಮಜ್ಜಿಗೆ ಹೇಳಿ ಪಂಥ ಕಟ್ಟಿದ್ದೆ. ಮರೆತೇ ಹೋಯ್ತೇನೋ ನಮ್ಮನೆ ಕಲ್ಲು? ಹಲ್ಲು ಮುರ್ಕೊಂಡಿದ್ಯಲ್ಲೋ ಅದಕ್ಕೆ!"

ಸುಪ್ರಿಯಾ ಕೈಯಲ್ಲಿದ್ದ ಚಪ್ಪಲಿಯನ್ನು ನೆಲಕ್ಕೆ ಹಾಕಿದಳು. ಜಯಕುಮಾರ್, "ಶೃಂಗೇರಿ ಬಸ್ಸು ಬೇಗ ಬಂತು" ಅಂದ, ಮೆಲ್ಲಗೆ.

ಅಕ್ಷಯಾ ಸುಘೋಷನ ಮುಖ ನೋಡಿದಳು. ಸ್ವಲ್ಪ ಹೊತ್ತು ಅಷ್ಟೇ. ಲೆಕ್ಕ ಬಿಡಿಸುವಾಗ ಅವಳ ಕಣ್ಣು ಹೀಗೇ ಒಂದು ಕಡೆ ನಿಲ್ಲುತ್ತಿತ್ತು. ಆಮೇಲೆ ಅಜ್ಜನ ಕಡೆ ತಿರುಗಿ, "ಕಲ್ಲು ಎಲ್ಲಿದೆ ಸರ್? ನಾವು ನಾಲ್ಕೂ ಜನ ಹತ್ರ ನಿಂತು ಫೋಟೊ ತೆಗೀಬೇಕು" ಅಂದಳು.

"ಬನ್ನಿ ಬನ್ನಿ, ಈ ಓಣಿಯಿಂದ," ಎಂದು ಅಜ್ಜ ಮನೆಯ ಪಕ್ಕದ ಸಂದಿ ತೋರಿಸಿದರು. "ಹಿತ್ತಲ ಬಾಗಿಲು ತೆಗೆಸಿದೀನಿ. ಕಾಲೇಜಿನವರು ಕೇಳ್ದಾಗ್ಲೇ ಹೇಳ್ಬಿಟ್ಟೆ, ಮಕ್ಕಳು ನೋಡ್ಲಿ, ವಿದ್ಯೆ ಅಲ್ವಾ, ಆದ್ರೆ ಎಲ್ಲರೂ ಹಿತ್ತಲಿಂದ ಬಂದು ಹಿತ್ತಲಿಂದ ಹೋಗ್ಲಿ ಅಂತ. ಮುಂದ್ಗಡೆ ನಿಮ್ಮಜ್ಜಿ ಮಡಿ. ಇಲ್ಲೀವರೆಗೆ ಬಂದೋರೆಲ್ಲ ಹಾಗೇ ಬಂದ್ರು. ಏನೂ ತೊಂದ್ರೆ ಆಗ್ಲಿಲ್ಲ."

ಇಷ್ಟೇ. ಯಾರನ್ನೂ ನಿಲ್ಲಿಸುವುದು ಬೇಡ, ಯಾರ ಮಗಳು ಎಂದು ಕೇಳುವುದು ಬೇಡ. ಎಲ್ಲರಿಗೂ ಒಂದೇ ದಾರಿ. ಸುಘೋಷ ಇಷ್ಟು ಹೊತ್ತು ಹೊತ್ತು ತಿರುಗಿದ್ದ ಸಮಸ್ಯೆಯನ್ನು ಈ ಮನೆ ಒಂದು ಹಿತ್ತಲ ಬಾಗಿಲಿನಿಂದ ಬಗೆಹರಿಸಿಬಿಟ್ಟಿತ್ತು. ಇಂಥದ್ದರಲ್ಲಿ ಮನೆಗೆ ಅವನಿಗಿಂತ ಎಷ್ಟೋ ತಲೆಮಾರು ಹೆಚ್ಚು ಅನುಭವವಿತ್ತು.

ಮೂವರು ಓಣಿಯೊಳಗೆ ಹೋದರು. ಅವನೂ ಹೋಗಬೇಕಿತ್ತು. ಅಷ್ಟರಲ್ಲಿ ಜಗಲಿಯಿಂದ ಅಜ್ಜಿಯ ದನಿ: "ಪುಟ್ಟಾ, ನೀನ್ಯಾಕೋ ಆ ಕಡೆ? ಅಲ್ಲೆಲ್ಲ ಸಗಣಿ. ಹೀಗೆ ಬಾ, ಕಾಲು ತೊಳ್ಕೊಂಡು ಬಾ."

ಆ ಮನೆಯೊಳಗೆ ಅವನು ಹುಟ್ಟಿದಾಗಿನಿಂದ ಹೋಗಿದ್ದು ಅದೇ ಜಗಲಿಯಿಂದ. ತಲೆ ಯೋಚಿಸುವ ಮೊದಲೇ ಕಾಲು ಮೆಟ್ಟಿಲು ಹತ್ತಿಯಾಗಿತ್ತು. ತಂಬಿಗೆ ನೀರು ಕಾಲಿಗೆ ಬಿದ್ದಾಗ ಅವನಿಗೆ ಏನು ಮಾಡಿದೆ ಎಂದು ಗೊತ್ತಾಯಿತು. ಇಳಿದು ಓಣಿಗೆ ಹೋಗಬಹುದಿತ್ತು. ಇಳಿದರೆ ಅಜ್ಜಿ ಯಾಕೆ ಎಂದು ಕೇಳುತ್ತಾರೆ. ಅವನು ಪಡಸಾಲೆ ದಾಟಿದ.

ಅಂಗಳದಲ್ಲಿ ಮೂವರೂ ಹಿತ್ತಲ ಬಾಗಿಲಿಂದ ಬಂದು ಕಲ್ಲಿನ ಆಚೆ ನಿಂತಿದ್ದರು. ಅವನು ಪಡಸಾಲೆಯ ಕಡೆಯಿಂದ ಬಂದು ಈಚೆ ನಿಂತ. ಲಕೋಟೆ ಹಂಚಲು ಕಾಲೇಜಿನಿಂದ ಬಂದಿದ್ದ ಶರಾವತಿ ಎಂಬ ಹುಡುಗಿ ಫೋನು ತೆಗೆದುಕೊಂಡು, "ಅಣ್ಣಾ, ಆ ಕಡೆ ಹೋಗಿ ಅವ್ರ ಜೊತೆ ನಿಂತ್ಕೊಳ್ಳಿ, ಟೀಮ್ ಥರ ಕಾಣ್ಸಲ್ಲ" ಅಂದಳು.

"ಪರ್ವಾಗಿಲ್ಲ ಅಕ್ಕ," ಅಂದಳು ಅಕ್ಷಯಾ. "ನಾಲ್ಕೂ ಜನ ಕಾಣ್ತೀವಲ್ಲ. ಅಷ್ಟೇ ತಾನೇ ರೂಲು? ತೆಗೀರಿ."

ತೆಗೆದಳು. ಅಂಚು ಮುಕ್ಕಾದ ಕಡೆ ಕಬ್ಬಿಣದ ತಗಡಿನ ನೆರಳು ಬಿದ್ದಿತ್ತು.

ನಾಲ್ಕನೇ ಲಕೋಟೆಯ ಒಗಟನ್ನು ಅಕ್ಷಯಾ ಓಣಿ ದಾಟುವಷ್ಟರಲ್ಲಿ ಬಿಡಿಸಿದಳು. ಆಮೇಲೆ ಓಡಿದ್ದೇ ಓಡಿದ್ದು. ಕಾಲೇಜಿನ ಗೇಟು ಹೊಕ್ಕಾಗ ಹಳದಿ ಟೀ ಶರ್ಟಿನವರು ಬಾಗಿಲ ಹತ್ತಿರದ ನಲ್ಲಿಯಲ್ಲಿ ಇನ್ನೂ ಮುಖ ತೊಳೆಯುತ್ತಿದ್ದರು, ಏದುಸಿರು ಇನ್ನೂ ಇಳಿದಿರಲಿಲ್ಲ. ಅವರು ಎರಡನೆಯವರು. ಇವರು ಮೂರು. ಮೂರನೆಯವರಿಗೆ ಒಂದೊಂದು ಸರ್ಟಿಫಿಕೇಟು, ಒಂದೊಂದು ಖಾಲಿ ನೀರಿನ ಬಾಟಲಿ. ಪರಮೇಶ್ ಸರ್ ನಾಲ್ವರ ಬೆನ್ನನ್ನೂ ತಟ್ಟಿ, "ಜಿಲ್ಲೆಗೇ ಮೂರನೇದು ಕಣ್ರೋ, ಸಣ್ಣ ಮಾತಲ್ಲ" ಅಂದರು. ಅಕ್ಷಯಾ ಸರ್ಟಿಫಿಕೇಟನ್ನು ಸುರುಳಿ ಸುತ್ತಿ ಬ್ಯಾಗಿಗೆ ಹಾಕಿದಳು. ಅತ್ತದ್ದು ಸುಪ್ರಿಯಾ.

ವಾಪಸು ಬಸ್ಸಿನಲ್ಲಿ ಸರ್ ಮುಂದೆ ಕೂತರು. ಸುಘೋಷ ಹಿಂದಿನ ಸೀಟಿಗೆ ಹೋಗುತ್ತಿದ್ದಾಗ ಅಕ್ಷಯಾ ಕಿಟಕಿಯ ಪಕ್ಕ ಸರಿದು, "ಬಾ, ಕೂತ್ಕೋ" ಅಂದಳು.

ಕೂತ. ಊರು ದಾಟುವವರೆಗೆ ಅವಳು ಹೊರಗೆ ನೋಡುತ್ತಿದ್ದಳು.

"ಸ್ಕೇಲ್ ಜಾರಿದ್ದಾ, ಜಾರಿಸಿದ್ದಾ?"

ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. "ಜಾರಿಸಿದ್ದು."

"ಫೋಟೊ ನೋಡಿದ ತಕ್ಷಣ ಗೊತ್ತಾಗಿತ್ತಾ?"

"ಹೂಂ."

"ಮತ್ತೆ?"

"ನಿಂಗೆ ಬೇಜಾರಾಗ್ಬಾರ್ದು ಅಂತ."

"ನಂಗೆ ಎಂತಕ್ಕೆ ಬೇಜಾರು?"

"ಅಜ್ಜಿ ಏನಾದ್ರೂ ಅಂದ್ರೆ. ಅವತ್ತು ಮುಂಜಿ ದಿನ ಅಂದ ಹಾಗೆ... ಹೊಸ್ತಿಲಲ್ಲಿ."

ಅವಳು ಈಗ ಪೂರ್ತಿ ತಿರುಗಿದಳು. "ಅವತ್ತು ನೀನು ನೋಡಿದ್ಯಾ?"

ಅವನು ಕಂಬಿಯ ಮೇಲಿನ ತುಕ್ಕನ್ನು ಉಗುರಿನಿಂದ ಕೆರೆದ.

"ಒಳಗಡೆ ಇದ್ಯಾ ನೀನು?"

"ಪಡಸಾಲೇಲಿ."

"ನೀನು ನೋಡಿಲ್ಲ ಅಂದ್ಕೊಂಡಿದ್ದೆ," ಅಂದಳು ಅಕ್ಷಯಾ. "ಪಾಪ ಅವನಿಗೇನು ಗೊತ್ತು, ಮನೆಯೋರು ಹಂಗೆ, ಅವನು ಹಂಗಲ್ಲ ಅಂತ. ಎರಡು ವರ್ಷದಿಂದ ಹಂಗೇ ಅಂದ್ಕೊಂಡಿದೀನಿ ಮಾರಾಯ."

ಕಂಡಕ್ಟರ್ ಬಂದ. ಟಿಕೆಟ್ ಸರ್ ಹತ್ತಿರ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

"ನಿಮ್ಮಜ್ಜಿ ನಿಲ್ಸಿದ್ರೆ ನಿಂತಿರ್ತಿದ್ದೆ," ಅವಳು ಮುಂದುವರಿಸಿದಳು. ದನಿ ಏರಲಿಲ್ಲ. "ಬೇಡ್ಕೋ ಅಂದಿದ್ರೆ ಬೇಡ್ಕೊಳ್ತಿದ್ದೆ. ಹಿತ್ತಲಲ್ಲಿ ಬಾ ಅಂದ್ರು, ಸಗಣಿ ತುಳ್ಕೊಂಡು ಬಂದೆ ತಾನೇ? ನಂಗೇನು ಅದು ಹೊಸದಾ? ಸ್ಕಾಲರ್‌ಶಿಪ್ ಅರ್ಜಿ ಬಂದಾಗ ಕ್ಲಾಸಲ್ಲಿ ಎದ್ದು ನಿಲ್ಲಿ ಅಂತಾರಲ್ಲ, ಆರನೇ ಕ್ಲಾಸಿಂದ ನಿಲ್ತಾ ಇದೀನಿ. ಬೇಜಾರಾಗ್ತಿದ್ದಿದ್ದು ನಂಗಲ್ಲ, ನಿಂಗೆ. ಅದಕ್ಕೆ ನನ್ ಸೀಟ್ ಹೋಯ್ತು."

"ಅಜ್ಜನಿಗೆ ಕಾಲೇಜಿನೋರು ಚೆನ್ನಾಗಿ ಗೊತ್ತು. ನಾನು ಹೇಳಿ ಹೇಗಾದ್ರೂ..."

"ಬೇಡ."

"ಯಾಕೆ? ಸೀಟ್ ಸಿಕ್ಕಿದ್ರೆ..."

"ಬೇಡ ಅಂದ್ನಲ್ಲ. ಓಡಿ ತಗೊಳ್ತಿದ್ದೆ ಅದನ್ನ. ಕೇಳಿ ತಗೊಳ್ಳಲ್ಲ." ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಹಿಂದಿನ ಸೀಟಿನಲ್ಲಿ ಜಯಕುಮಾರ್ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ.

ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ನಾಗೇಶ್ ಕಾಯುತ್ತಿದ್ದ. ಕೆಲಸದ ಅಂಗಿಯಲ್ಲೇ ಬಂದಿದ್ದ. ಎಕ್ಸೆಲ್ ಮೊಪೆಡ್ಡಿನ ಹ್ಯಾಂಡಲಿಗೆ ಪ್ಲಾಸ್ಟಿಕ್ ಕವರಿನಲ್ಲಿ ಪೇಪರ್ ಪೊಟ್ಟಣ ನೇತು ಹಾಕಿದ್ದ. ಎಣ್ಣೆ ಇಳಿದು ಕವರು ಮಬ್ಬಾಗಿತ್ತು.

"ಏನಾಯ್ತಮ್ಮ?"

"ಮೂರನೇದು ಬಂತಪ್ಪ. ಒಂದು ಕಲ್ಲು ಬೇಗ ಸಿಗ್ಲಿಲ್ಲ."

ನಾಗೇಶನ ಮುಖ ಒಂದು ಕ್ಷಣ ಇಳಿಯಿತು. ಮಗಳು ನೋಡುವ ಮೊದಲೇ ಅದನ್ನು ಸರಿ ಮಾಡಿಕೊಂಡ. "ಹೋಗ್ಲಿ ಬಿಡು. ಆರ್ಟ್ಸ್ ಓದಿದೋರು ಏನು ಡಿಸಿ ಆಗಿಲ್ವಾ?" ಆಮೇಲೆ ಸುಘೋಷನ ಕಡೆ ನೋಡಿ ನಕ್ಕ. "ನೀವು ಜೊತೆಗಿದ್ರಲ್ಲ, ಅದೇ ನಂಗೆ ಧೈರ್ಯ. ನಿಮ್ಮಂಥೋರ ಸಹವಾಸದಲ್ಲಿ ಇದಾಳೆ ಅಂತ ಅವರಜ್ಜಿಗೂ ಹೇಳ್ತಾ ಇರ್ತೀನಿ."

ಹೇಳಬೇಕಾದದ್ದನ್ನು ಹೇಳುವುದಾದರೆ ಇದೇ ಹೊತ್ತು. ಸುಘೋಷ ಅಕ್ಷಯಾಳನ್ನು ನೋಡಿದ. ಅವಳು ಹೇಳು ಎಂದೂ ಸನ್ನೆ ಮಾಡಲಿಲ್ಲ, ಬೇಡ ಎಂದೂ ಮಾಡಲಿಲ್ಲ.

"ಅಂಕಲ್," ಅಂದ. ಬ್ಯಾಗಿನ ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿಕೊಂಡ.

ನಾಗೇಶ್ ಪೊಟ್ಟಣ ಬಿಚ್ಚಿದ. ಮೆಣಸಿನಕಾಯಿ ಬಜ್ಜಿ, ಬಿಸಿ ಇನ್ನೂ ಆರಿರಲಿಲ್ಲ. ಗೆದ್ದರೆ ಎಂದು ತಂದಿದ್ದನೋ ಏನೋ, ಎಲ್ಲರಿಗೂ ಆಗುವಷ್ಟಿತ್ತು. ಸುಪ್ರಿಯಾಳಿಗೆ ಕೊಟ್ಟ, ಜಯಕುಮಾರನಿಗೆ ಕೊಟ್ಟ. ಸುಘೋಷನ ಮುಂದೆ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿದ.

"ನೀವು ಹೊರಗಿಂದು ತಿಂತೀರೋ ಇಲ್ವೋ..."

"ತಿಂತಾನೆ ಅಪ್ಪ," ಅಂದಳು ಅಕ್ಷಯಾ. "ಮನೆಯಿಂದ ಹೊರಗೆ ಎಲ್ಲಾ ತಿಂತಾನೆ."

ಜಯಕುಮಾರ್ ಜೋಕು ಎಂದುಕೊಂಡು ನಕ್ಕ. ನಾಗೇಶನೂ ನಕ್ಕ. ಸುಘೋಷ ಬಜ್ಜಿ ತೆಗೆದುಕೊಂಡು ದೊಡ್ಡದಾಗಿ ಕಚ್ಚಿದ. ಒಳಗಿನ ಬಿಸಿ ಅಂಗುಳಿಗೆ ಹತ್ತಿಕೊಂಡಿತು. ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಬಾಯಿ ಸುಡ್ತಾ? ನೀರು ಕುಡೀರಿ," ಎಂದು ನಾಗೇಶ್ ಗಾಡಿಯ ಚೀಲದಿಂದ ತನ್ನ ಬಾಟಲಿ ತೆಗೆದ. ಕೆಲಸಕ್ಕೆ ಒಯ್ಯುವ ಬಾಟಲಿ, ಮುಚ್ಚಳದ ಸುತ್ತ ಕಪ್ಪು ಹಿಡಿದಿತ್ತು. ಕೊಡಲು ಹೋದವನು ಅದನ್ನೊಮ್ಮೆ ನೋಡಿ, ಸುಘೋಷನ ಕಾಲರಿನ ಹತ್ತಿರ ಇಣುಕುತ್ತಿದ್ದ ಜನಿವಾರ ನೋಡಿ, ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿದ. "ತಡೀರಿ, ಇದು ಬ್ಯಾಡ. ಅಲ್ಲಿ ಅಂಗಡಿಲಿ ಹೊಸ ಬಾಟ್ಲಿ ತರ್ತೀನಿ."

ಬೇಡ, ಅದೇ ಕೊಡಿ ಅನ್ನಬೇಕೆಂದು ಸುಘೋಷ ಬಾಯಿ ತೆರೆದ. ಬಾಯಿ ತುಂಬ ಸುಡುವ ಹಿಟ್ಟಿತ್ತು. ನುಂಗಿ, ನಾಲಿಗೆ ಹೊರಳಿಸುವಷ್ಟರಲ್ಲಿ ನಾಗೇಶ್ ರಸ್ತೆ ದಾಟಿಯಾಗಿತ್ತು. ಅಕ್ಷಯಾ ತನ್ನ ಬಜ್ಜಿಯನ್ನು ಊದಿ ಊದಿ ಆರಿಸುತ್ತ ಅವನನ್ನೇ ನೋಡುತ್ತಿದ್ದಳು.